ಪಾಠದ ಪುಟಗಳ ರಕ್ಷಣೆ ಮತ್ತು ಮರುಬಳಕೆ

ಒಂದು ಮಗು ಕಲಿತು ಮುಗಿಸಿದ ಪಾಠದ ಹಾಳೆ ಇನ್ನೊಂದು ಮಗುವಿಗೂ, ಅಥವಾ ಅದೇ ಮಗುವಿಗೆ ಮತ್ತೊಮ್ಮೆಯೂ ಒದಗುವಂತೆ ಕಾಪಾಡುವ ವಿಧಾನಗಳನ್ನು ಪಾಠದ ಪುಟಗಳ ರಕ್ಷಣೆ ಎನ್ನಲಾಗುತ್ತದೆ. ಖಾಕಿ ಕಾಗದದ ಬೈಂಡು, ರಟ್ಟಿಗೆ ಅಂಟಿಸುವುದು, ಲ್ಯಾಮಿನೇಷನ್, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಲೆ ಬರೆದು ಒರೆಸುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಪಾಠದ ಹಾಳೆ ಹಾಳಾಗುವುದು ಎರಡು ಬಗೆಯಲ್ಲಿ. ತೇವ, ಹುಳ, ಎಂಜಲು ಬೆರಳು ಒಂದು ಬಗೆ. ಇದಕ್ಕೆ ಹೊದಿಕೆ ಸಾಕು. ಮಗುವಿನ ಪೆನ್ಸಿಲ್ಲೇ ಇನ್ನೊಂದು ಬಗೆ. ಬಿಟ್ಟ ಸ್ಥಳ ತುಂಬಿದ ಮೇಲೆ ಆ ಹಾಳೆ ಎಷ್ಟು ಗಟ್ಟಿಯಾಗಿದ್ದರೂ ಮುಂದಿನವರಿಗೆ ಉಪಯೋಗವಿಲ್ಲ. ಓದುವ ಜಾಗ ಬೇರೆ, ಬರೆಯುವ ಜಾಗ ಬೇರೆ ಎಂಬ ಏರ್ಪಾಡು ಇದ್ದಾಗಲೆಲ್ಲ ಈ ಎರಡನೆಯ ತೊಂದರೆ ಇರಲಿಲ್ಲ.

ದಕ್ಷಿಣ ಭಾರತದ ಹಳೆಯ ಓದುಮಠಗಳಲ್ಲಿ ಅಂಥ ಏರ್ಪಾಡೇ ಇತ್ತು. ಗ್ರಂಥ ಓಲೆಗರಿಯಲ್ಲಿ, ಮಗುವಿನ ತಿದ್ದುವಿಕೆ ಮರಳಿನಲ್ಲಿ. ಕಂಟ ಎಂಬ ಬರೆಯುವ ಕಡ್ಡಿಯ ಮೊನೆಯಿಂದ ಗೀರಿದ ಓಲೆಗೆ ಮಸಿ ಬಳಿದು ಒರೆಸಿದರೆ ಗೀರಿನಲ್ಲಷ್ಟೇ ಕಪ್ಪು ನಿಲ್ಲುತ್ತಿತ್ತು. ಗರಿ ಒಣಗಿ ಸೀಳದಂತೆಯೂ ಹುಳ ಹತ್ತದಂತೆಯೂ ನಿಂಬೆಹುಲ್ಲಿನ ಎಣ್ಣೆಯಂಥದನ್ನು ಸವರುತ್ತಿದ್ದರು. ಮೇಲೂ ಕೆಳಗೂ ಮರದ ಪಟ್ಟಿ ಇಟ್ಟು, ದಾರ ಸುತ್ತಿ, ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಓಲೆಗೆ ಮಗುವಿನ ಕೈ ತಾಗುವ ಸಂದರ್ಭವೇ ಕಡಿಮೆ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕೂಡಿಸಿದ ಮೇಲೆ ಅಂಗೈಯಿಂದ ಸವರಿದರೆ ಮರಳು ಮತ್ತೆ ಸಿದ್ಧ.

ಬರೆದು ಅಳಿಸಿ ಮತ್ತೆ ಬರೆಯುವುದಕ್ಕೆ ಕನ್ನಡ ನಾಡು ಕಂಡುಕೊಂಡ ಸಾಧನ ಕಡತ. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಮಗ್ಗುಲಿಗೆ ಬಳಿದು ಒಣಗಿಸಿದರೆ ಗಟ್ಟಿಯಾದ ಕಪ್ಪು ಹಾಳೆಯಾಗುತ್ತದೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ ಎರಡು ತುದಿಗೂ ಹಲಗೆ ಕೂಡಿಸಿದರೆ ಪುಸ್ತಕದಂತೆ ತೆರೆಯಬಹುದು, ಬೇಕಾದರೆ ಪೂರ್ತಿ ಬಿಚ್ಚಿ ಹಾಸಬಹುದು. ಬರೆಯುವುದು ಬಳಪದಲ್ಲಿ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟದಲ್ಲಿ ಇದನ್ನು ವರ್ಣಿಸಿದ್ದಾನೆ. ಅವನು ಕೊಡುವ ಅಳತೆ ಅಗಲದಲ್ಲಿ 8 ಅಂಗುಲದಿಂದ 1 ಅಡಿ, ಉದ್ದದಲ್ಲಿ 12ರಿಂದ 18 ಅಡಿ. ಬರೆದದ್ದನ್ನು ಅಳಿಸಿ ಹೊಸದಾಗಿ ಬರೆಯಬಹುದೆಂಬುದನ್ನೂ ಅವನು ಗಮನಿಸಿದ್ದ. ಕಡತ ಹೆಚ್ಚಾಗಿ ಬಳಕೆಯಾದದ್ದು ವ್ಯಾಪಾರಿಗಳ, ಶಾನುಭೋಗರ, ಮಠಗಳ ಲೆಕ್ಕಪತ್ರಕ್ಕೆ. ಶೃಂಗೇರಿ ಮಠದಲ್ಲಿ ಅಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಅಳಿಸಬಲ್ಲ ಬರಹ ಅಲ್ಲಿ ಶತಮಾನಗಳ ಕಾಲ ಅಳಿಯದೆ ಉಳಿದಿರುವುದು ಮಡಿಕೆಯ ಗುಣ: ಮಡಚಿಟ್ಟ ಕಡತದಲ್ಲಿ ಅಕ್ಷರಗಳಿಗೆ ಗಾಳಿ, ಬೆಳಕು, ಕೈ ತಾಗುವುದಿಲ್ಲ. ಇಂದು ಕಡತವೆಂದರೆ ಕಚೇರಿಯ ಫೈಲು. ಒರೆಸಿ ಮತ್ತೆ ಬಳಸುವ ವಸ್ತುವಿನ ಹೆಸರು ಎಂದೂ ಮುಗಿಯದ ಕಾಗದದ ಕಟ್ಟಿಗೆ ಅಂಟಿಕೊಂಡಿತು.

ಒಂದೇ ಮುದ್ರಿತ ಪುಟದಿಂದ ನೂರಾರು ಮಕ್ಕಳಿಗೆ ಪಾಠ ಹೇಳುವ ಕ್ರಮ ಇಂಗ್ಲೆಂಡಿನಲ್ಲಿ ಹುಟ್ಟಿತಾದರೂ ಅದರ ಒಂದು ಬೇರು ಮದರಾಸಿನಲ್ಲಿದೆ. ಅಲ್ಲಿನ ಸೈನಿಕರ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು 1789ರಲ್ಲಿ ವಹಿಸಿಕೊಂಡ ಆಂಡ್ರ್ಯೂ ಬೆಲ್, ನಾಡಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಪದ್ಧತಿಯೊಂದಿಗೆ ಇದನ್ನೂ ಸೇರಿಸಿ 1797ರಲ್ಲಿ ವರದಿ ಪ್ರಕಟಿಸಿದ. ಲಂಡನ್ನಿನ ಬರೋ ರೋಡಿನಲ್ಲಿ ಬಡಮಕ್ಕಳ ಶಾಲೆ ನಡೆಸುತ್ತಿದ್ದ ಜೋಸೆಫ್ ಲ್ಯಾಂಕಾಸ್ಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮಗುವಿನ ಕೈಯಲ್ಲಿ ಪುಸ್ತಕ ಕೊಟ್ಟರೆ ಒಂದು ಹೊತ್ತಿಗೆ ಒಂದೇ ಪುಟ ಕೆಲಸಕ್ಕೆ ಬರುತ್ತದೆ, ಉಳಿದ ಪುಟಗಳು ಸುಮ್ಮನೆ ಸವೆಯುತ್ತವೆ ಎಂಬುದು ಅವನ ಲೆಕ್ಕ. ಆದ್ದರಿಂದ ಪಾಠಗಳನ್ನು ದಪ್ಪಕ್ಷರದಲ್ಲಿ ಒಂದೇ ಮಗ್ಗುಲಿಗೆ ಅಚ್ಚು ಹಾಕಿಸಿ, ಪುಟಗಳನ್ನು ಬಿಡಿಸಿ ರಟ್ಟಿಗೆ ಅಂಟಿಸಿ ಗೋಡೆಗೆ ತೂಗುಹಾಕಿದ. ಮಕ್ಕಳು ಅರ್ಧಚಂದ್ರಾಕಾರವಾಗಿ ನಿಂತು ಓದುತ್ತಿದ್ದರು, ಒಂದು ಗುಂಪು ಸರಿದರೆ ಇನ್ನೊಂದು. ಇಡೀ ಶಾಲೆಗೆ ಒಂದೇ ಪುಸ್ತಕ ಸಾಕೆಂದು 1803ರ ತನ್ನ ಪುಸ್ತಕದಲ್ಲಿ ಅವನು ವಾದಿಸಿದ. ಮನೆಯಲ್ಲಿ ಪಾಠ ಹೇಳುವವರು ಇಂದು ಪುಸ್ತಕದ ಬೆನ್ನು ಬಿಡಿಸಿ ಹಾಳೆಹಾಳೆಯಾಗಿ ಚೀಲಕ್ಕೆ ಹಾಕುವುದಕ್ಕೆ ಇದೇ ಪೂರ್ವಜ.

ಗೋಡೆಯ ಪಾಠದ ಜೊತೆಗಾರನಾಗಿ ಬಂದದ್ದು ಕಲ್ಲಿನ ಹಲಗೆ. ಮೈಸೂರು ಕಡೆಯವರಿಗೆ ಅದು ಸ್ಲೇಟು, ಧಾರವಾಡದ ಕಡೆಯವರಿಗೂ ಮುಂಬಯಿಯವರಿಗೂ ಪಾಟಿ. ಆಂಧ್ರದ ಮಾರ್ಕಾಪುರದ ಸುತ್ತಿನ ಗಣಿಗಳಿಂದ ತೆಗೆದ ಕಲ್ಲು ಮರದ ಚೌಕಟ್ಟು ಕಟ್ಟಿಸಿಕೊಂಡು ದೇಶವೆಲ್ಲ ತಿರುಗಿತು. ಪಾಟಿ ಇದ್ದಷ್ಟು ಕಾಲ ಪುಸ್ತಕದಲ್ಲಿ ಬರೆದರೆ ಬೈಗುಳವೇ ಗತಿ. ಅಣ್ಣನ ಪುಸ್ತಕ ತಮ್ಮನಿಗೆ, ತಮ್ಮನದು ಪಕ್ಕದ ಮನೆಯವರಿಗೆ ಹೋಗುವುದು ಇದರಿಂದಲೇ ಸಾಧ್ಯವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಅಗ್ಗದ ಕಾಗದದೊಂದಿಗೆ ಅಭ್ಯಾಸ ಪುಸ್ತಕ ಬಂತು. ಚಿತ್ರಕ್ಕೆ ಬಣ್ಣ ತುಂಬು, ಹೊಂದಿಸಿ ಬರೆ, ಗೆರೆ ಎಳೆ ಎಂಬ ಆದೇಶಗಳೊಂದಿಗೆ ಓದುವ ಪುಟವೇ ಬರೆಯುವ ಪುಟವಾಯಿತು. ವರ್ಷಕ್ಕೊಂದು ಹೊಸ ಪ್ರತಿ ಕೊಳ್ಳುವುದು ಅನಿವಾರ್ಯವಾಯಿತು. ಇದಕ್ಕೆ ಎದುರಾಗಿ ನಿಂತದ್ದು ಮಾರಿಯಾ ಮಾಂಟೆಸೊರಿಯ ಪದ್ಧತಿ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಯುದ್ಧಕಾಲವನ್ನೆಲ್ಲ ಭಾರತದಲ್ಲೇ ಕಳೆದ ಅವಳು ತರಬೇತಿ ಕೊಟ್ಟ ಶಿಕ್ಷಕಿಯರ ಮೂಲಕ, ಹಲಗೆಗೆ ಅಂಟಿಸಿದ ಉಪ್ಪುಕಾಗದದ ಅಕ್ಷರಗಳು ಇಲ್ಲಿನ ಶಿಶುವಿಹಾರಗಳಿಗೂ ಬಂದವು. ಅಲ್ಲಿ ಬೆರಳು ತಿದ್ದುವುದರಿಂದ ಅಕ್ಷರ ಕೆಡುವುದಿಲ್ಲ, ತಿದ್ದಲೆಂದೇ ಅದು ಇರುವುದು.

ಪಾರದರ್ಶಕ ಹಾಳೆ ಹೊದಿಸಿ ಪುಟವನ್ನು ಉಳಿಸುವ ವಿದ್ಯೆ ಶಾಲೆಯಿಂದಲ್ಲ, ದಫ್ತರಖಾನೆಗಳಿಂದ ಬಂತು. ಅಮೆರಿಕದ ವಿಲಿಯಂ ಜೆ. ಬ್ಯಾರೊ 1930ರ ದಶಕದಲ್ಲಿ ಹಳೆಯ ದಾಖಲೆಗಳನ್ನು ಸೆಲ್ಯುಲೋಸ್ ಅಸಿಟೇಟ್ ಪೊರೆಯ ನಡುವೆ ಇಟ್ಟು ಯಂತ್ರದ ಬಿಸಿಯಲ್ಲಿ ಒತ್ತುತ್ತಿದ್ದ. ಅಂಥ ಯಂತ್ರ ಭಾರತದಲ್ಲಿ ಎಲ್ಲ ಕಡೆ ಸಿಗುವಂತಿರಲಿಲ್ಲ. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ಒ.ಪಿ. ಗೋಯಲ್ 1950ರ ದಶಕದ ಆರಂಭದಲ್ಲಿ ಯಂತ್ರವೇ ಬೇಡದ ದಾರಿ ತೋರಿಸಿದರು: ಹಾಳೆಯ ಮೇಲೆ ಅಸಿಟೇಟ್ ಪೊರೆ, ಅದರ ಮೇಲೆ ತೆಳುಕಾಗದ ಇಟ್ಟು, ಅಸಿಟೋನಿನಲ್ಲಿ ಅದ್ದಿದ ಹತ್ತಿಯುಂಡೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿದರೆ ಪೊರೆ ಅರೆಗರಗಿ ಮೂರೂ ಒಂದಾಗುತ್ತವೆ. ಈ ಕೈಕೆಲಸವನ್ನು ಇತರ ದೇಶಗಳ ದಫ್ತರಖಾನೆಗಳೂ ಅನುಸರಿಸಿದವು. ಆದರೆ ಹೀಗೆ ಒಂದಾದದ್ದನ್ನು ಬಿಡಿಸುವುದು ಕಷ್ಟ, ಒಳಗಿನ ಕಾಗದದ ಹುಳಿ ಒಳಗೇ ಕೆಲಸ ಮಾಡುತ್ತಿರುತ್ತದೆ. 1970ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅಂಟಿಸುವುದನ್ನು ಬಿಟ್ಟು, ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ದಾಖಲೆಯನ್ನು ಸಡಿಲವಾಗಿ ಇರಿಸಿ ಅಂಚನ್ನು ಮಾತ್ರ ಮುಚ್ಚುವ ಕ್ರಮವನ್ನು ರೂಢಿಗೆ ತಂದಿತು. ಜೆರಾಕ್ಸ್ ಅಂಗಡಿಯ ಲ್ಯಾಮಿನೇಷನ್ ಬ್ಯಾರೊನ ವಂಶದ್ದು. ಫೈಲಿಗೆ ಸೇರಿಸುವ ತೂತುಪಟ್ಟಿಯ ಪ್ಲಾಸ್ಟಿಕ್ ಚೀಲ ಆ ಸಡಿಲ ಪಾಲಿಯೆಸ್ಟರ್ ಹೊದಿಕೆಯ ವಂಶದ್ದು.

ಎರಡರ ಗುಣವೂ ಬೇರೆ. ಲ್ಯಾಮಿನೇಷನ್ನಿನ ಪೌಚು ಪಾಲಿಯೆಸ್ಟರಿನದು, ಒಳಮೈಗೆ ಬಿಸಿಗೆ ಕರಗುವ ಅಂಟು ಇರುತ್ತದೆ. ಸಾಮಾನ್ಯ ಬಳಕೆಗೆ 125 ಮೈಕ್ರಾನ್ ಸಾಕು. ಎ4 ಹಾಳೆ 210 x 297 ಮಿ.ಮೀ. ಇದ್ದರೆ ಪೌಚು 216 x 303 ಮಿ.ಮೀ. ಇರುವುದು ಸುತ್ತಲೂ 3 ಮಿ.ಮೀ. ಅಂಚು ಉಳಿಯಲೆಂದು. ಚಂದಕ್ಕಾಗಿ ಆ ಅಂಚನ್ನು ಕಾಗದದವರೆಗೂ ಕತ್ತರಿಸಿದರೆ ನೀರು ಅಲ್ಲಿಂದಲೇ ಒಳಗಿಳಿಯುತ್ತದೆ. ಮಳೆಗಾಲದಲ್ಲಿ ಮೆತ್ತಗಾದ ಹಾಳೆಯನ್ನು ಫ್ಯಾನಿನ ಕೆಳಗೆ ಒಣಗಿಸದೆ ಯಂತ್ರಕ್ಕೆ ಕೊಟ್ಟರೆ ಗುಳ್ಳೆ ಏಳುತ್ತದೆ. ಚೀಲಗಳಲ್ಲಿ ಪಿವಿಸಿ ಚೀಲ ಮೆದುವಾಗಿ ಮಿನುಗುತ್ತದೆ, ಆದರೆ ಅದನ್ನು ಮೆದುಗೊಳಿಸುವ ರಾಸಾಯನಿಕ ನಿಧಾನವಾಗಿ ಜೆರಾಕ್ಸಿನ ಕಪ್ಪನ್ನು ಎಳೆದುಕೊಳ್ಳುತ್ತದೆ. ವರ್ಷ ಕಳೆದು ಹಾಳೆ ತೆಗೆದರೆ ಅರ್ಧ ಅಕ್ಷರ ಪ್ಲಾಸ್ಟಿಕ್ಕಿನಲ್ಲೇ ಉಳಿದಿರುತ್ತದೆ. ಪಾಲಿಪ್ರೊಪಿಲೀನ್ ಚೀಲಕ್ಕೆ ಈ ಚಾಳಿಯಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಹರಿದಲ್ಲಿ ಹಚ್ಚುವ ಸೆಲ್ಲೋಟೇಪು: ಅದು ತಾನೂ ಉದುರಿ, ಹಾಳೆಯ ಮೇಲೆ ಕಂದುಬಣ್ಣದ ಕಲೆ ಬಿಟ್ಟು ಹೋಗುತ್ತದೆ.

ಚೀಲದ ಮೇಲೆ ಬರೆದು ಒರೆಸಲು ಬೇಕಾದ ಮಾರ್ಕರ್ 1970ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು. ಅದರ ಮಸಿಯಲ್ಲಿ ಬಣ್ಣದ ಜೊತೆ ಎಣ್ಣೆಯಂಥ ಒಂದು ವಸ್ತು ಇರುತ್ತದೆ. ದ್ರಾವಕ ಆರಿದ ಮೇಲೆ ಬಣ್ಣ ಮೇಲ್ಮೈಗೆ ಕಚ್ಚಿಕೊಳ್ಳದಂತೆ ಅದು ನಡುವೆ ನಿಲ್ಲುತ್ತದೆ. ವಾರಗಟ್ಟಲೆ ಬಿಟ್ಟರೆ ಕಲೆ ಗಟ್ಟಿಯಾಗುವುದುಂಟು. ಆಗ ಹಳೆಯ ಗೆರೆಯ ಮೇಲೆಯೇ ಅದೇ ಮಾರ್ಕರಿನಿಂದ ಮತ್ತೊಮ್ಮೆ ಬರೆದು, ಒಣಗುವ ಮೊದಲೇ ಬಟ್ಟೆಯಲ್ಲಿ ಒರೆಸಿದರೆ ಎರಡೂ ಹೋಗುತ್ತವೆ. ಹೀಗೆ ಪುಟ ಒಳಗೆ, ಬರಹ ಹೊರಗೆ ಎಂದು ಆದಾಗ ಓಲೆಗರಿ ಮತ್ತು ಮರಳಿನ ಹಳೆಯ ಏರ್ಪಾಡೇ ಪ್ಲಾಸ್ಟಿಕ್ಕಿನ ವೇಷದಲ್ಲಿ ಮರಳಿ ಬಂದಂತಾಯಿತು.

ಇಂಥ ಉಪಾಯಗಳು ವರ್ಷವರ್ಷವೂ ಪರೀಕ್ಷೆಗೊಳಗಾಗುವ ಮುಂಬಯಿಯಲ್ಲಿ ಪುಟಗಳ ಮೊದಲ ವೈರಿ ಮಳೆ. ಶಾಲೆಗಳು ಜೂನ್ ಮಧ್ಯದಲ್ಲಿ, ಮಳೆಯ ಜೊತೆಜೊತೆಗೇ ತೆರೆಯುತ್ತವೆ. ಹೊಸ ಪುಸ್ತಕ ಮನೆಗೆ ಬಂದ ದಿನವೇ ಅದಕ್ಕೆ ಖಾಕಿ ಕಾಗದವೋ ಹಳೆಯ ಕ್ಯಾಲೆಂಡರಿನ ಹಾಳೆಯೋ ಬೈಂಡಾಗಿ ಬರುತ್ತದೆ, ಮಳೆಗೆಂದು ಮೇಲೊಂದು ಪ್ಲಾಸ್ಟಿಕ್. 2005ರ ಜುಲೈ 26ರಂದು ಸಾಂತಾಕ್ರೂಸಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ನಗರದ ತಗ್ಗು ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿದಾಗ ಯಾವ ಬೈಂಡೂ ನಿಲ್ಲಲಿಲ್ಲ. ವಡಾಲ ಮತ್ತು ಸಯನ್ ಕೋಳಿವಾಡದ ನಡುವಿನ ಆಂಟಾಪ್ ಹಿಲ್‌ನಲ್ಲಿ ಮಳೆಯ ಜೊತೆಗೆ ವರ್ಗಾವಣೆಯೂ ಪುಸ್ತಕಗಳ ಹಣೆಬರಹವನ್ನು ತೀರ್ಮಾನಿಸುತ್ತದೆ. ಅಲ್ಲಿನ ಸಿ.ಜಿ.ಎಸ್. ಕಾಲೊನಿ ಕೇಂದ್ರ ಸರ್ಕಾರಿ ನೌಕರರ ವಸತಿ. ಕುಟುಂಬಗಳು ಬಂದು ಹೋಗುತ್ತಲೇ ಇರುತ್ತವೆ. ಅಂಥವರ ಮಕ್ಕಳಿಗೆಂದೇ 1963ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯಾಲಯಗಳಲ್ಲಿ ದೇಶಕ್ಕೆಲ್ಲ ಒಂದೇ ಪಠ್ಯ. ಆಂಟಾಪ್ ಹಿಲ್‌ನಲ್ಲೂ ಅಂಥದೊಂದು ವಿದ್ಯಾಲಯವಿದೆ. ಮೇಲಿನ ತರಗತಿಗೆ ಹೋದವರು ತಮ್ಮ ಪುಸ್ತಕವನ್ನು ಕೆಳಗಿನವರಿಗೆ ಕೊಡುವ ಪುಸ್ತಕೋಪಹಾರ ಎಂಬ ಕ್ರಮ ಈ ಶಾಲೆಗಳಲ್ಲಿದೆ. ಕಾಲೇಜು ಪುಸ್ತಕಗಳಿಗೆ ಪಕ್ಕದ ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತ್ ಅಂಗಡಿಗಳೇ ಆಸರೆ. ಅಲ್ಲಿ ಕೊಂಡ ಪುಸ್ತಕವನ್ನು ಪರೀಕ್ಷೆ ಮುಗಿದ ಮೇಲೆ ಮರಳಿಸಿದರೆ ಬೆಲೆಯ ಒಂದು ಪಾಲು ವಾಪಸು ಸಿಗುತ್ತದೆ.

ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳಿಗೆ, ವಡಾಲದ ಎನ್.ಕೆ.ಇ.ಎಸ್. ಶಾಲೆಯಿರಲಿ, ಜತ್ತ ಮತ್ತು ಅಕ್ಕಲಕೋಟೆಯ ಗಡಿ ಶಾಲೆಗಳಿರಲಿ, ಪಠ್ಯಪುಸ್ತಕ ಅಚ್ಚಾಗಿ ಬರುವುದು ಪುಣೆಯ ಬಾಲಭಾರತಿಯಿಂದ. 1967ರ ಜನವರಿ 27ರಂದು ಸ್ಥಾಪನೆಯಾದ ಈ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪುಸ್ತಕ ತರುತ್ತದೆ. 2023-24ರಲ್ಲಿ ಮಹಾರಾಷ್ಟ್ರ ಸರ್ಕಾರ ಪಠ್ಯಪುಸ್ತಕಗಳನ್ನು ನಾಲ್ಕು ಭಾಗವಾಗಿ ಮಾಡಿ, ಪಾಠಗಳ ಕೊನೆಗೆ ಟಿಪ್ಪಣಿ ಬರೆಯಲು ಖಾಲಿ ಹಾಳೆಗಳನ್ನು ಸೇರಿಸಿತು. ಚೀಲದ ಭಾರ ಇಳಿಸುವುದು, ಬೇರೆ ನೋಟ್‌ಬುಕ್ಕಿನ ಹಂಗು ತಪ್ಪಿಸುವುದು ಉದ್ದೇಶ. ಉದ್ದೇಶ ಒಳ್ಳೆಯದೇ, ಆದರೆ ಓದುವ ಪುಸ್ತಕದೊಳಕ್ಕೆ ಬರೆಯುವ ಹಾಳೆಯನ್ನು ಹೊಲಿದುಬಿಟ್ಟರೆ ಅದು ಮುಂದಿನ ಮಗುವಿಗೆ ದಾಟುವುದು ಕಷ್ಟ. ಮಕ್ಕಳು ನೋಟ್‌ಬುಕ್ಕನ್ನೂ ಬಿಡಲಿಲ್ಲ. 2025ರ ಆರಂಭದಲ್ಲಿ ಸರ್ಕಾರ ಖಾಲಿ ಹಾಳೆಗಳನ್ನು ಕೈಬಿಡಲು ತೀರ್ಮಾನಿಸಿತು.

ಮನೆಯಲ್ಲೇ ಕಲಿಸುವ ಕುಟುಂಬಗಳಿಗೆ ಈ ವಿದ್ಯೆ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಅಲ್ಲಿ ಶಾಲೆಯೂ ಗ್ರಂಥಾಲಯವೂ ಒಂದೇ ಕಪಾಟು. ಹೀಗೆ ಕಲಿತ ಮಕ್ಕಳಲ್ಲಿ ಹಲವರು 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆಗೆ ಕೂರುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾ ರಜಾದಿನದಲ್ಲಿ ಮಾತ್ರ ಕನ್ನಡ ಕಲಿಯುವ ಮುಂಬಯಿ ಮಕ್ಕಳದು ಇದರ ಇನ್ನೊಂದು ರೂಪ. ಚಿಣ್ಣರ ಬಿಂಬದಂಥ ಸಂಸ್ಥೆಗಳು ಅಂಥವರಿಗೆ ತರಗತಿ ನಡೆಸುತ್ತವೆ. ವಾರಕ್ಕೊಮ್ಮೆ ಕಲಿಯುವ ಮಗು ‘ಳ’ ಮತ್ತು ‘ಣ’ವನ್ನು ವಾರ ಕಳೆಯುವುದರೊಳಗೆ ಮರೆತಿರುತ್ತದೆ. ತಿದ್ದುವ ಹಾಳೆಯೊಂದು ಹತ್ತು ಸಲ ಬೇಕಾಗುತ್ತದೆ, ಹತ್ತು ಜೆರಾಕ್ಸಿಗಿಂತ ಒಂದು ಚೀಲ ಅಗ್ಗ. ಜೆರಾಕ್ಸಿಗೆ ಕಾನೂನಿನ ಮಾತೂ ಉಂಟು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಪಾಠದ ಸಂದರ್ಭದಲ್ಲಿ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 2016ರಲ್ಲಿ ಇದನ್ನು ಉದಾರವಾಗಿಯೇ ಅರ್ಥೈಸಿತು. ಕೊಂಡ ಪುಟವನ್ನೇ ಕಾಪಾಡಿಕೊಂಡು ಮತ್ತೆ ಬಳಸುವವರಿಗೆ ಈ ಗೊಡವೆಯೇ ಇಲ್ಲ.

ಪುಟದ ಆಯಸ್ಸನ್ನು ಕೊನೆಗೆ ನಿರ್ಧರಿಸುವುದು ಪಠ್ಯಕ್ರಮ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಂತೆ ಬಂದ ಎನ್.ಸಿ.ಇ.ಆರ್.ಟಿ. ಪುಸ್ತಕಗಳು ಹದಿನೈದು ವರ್ಷಕ್ಕೂ ಮೇಲ್ಪಟ್ಟು ನಡೆದವು, ಒಂದೇ ಪ್ರತಿ ಹಲವು ಕೈ ದಾಟಿತು. 2023ರಿಂದ ಮೊದಲ ತರಗತಿಗಳಿಗೆ, 2024ರಲ್ಲಿ ಮೂರು ಮತ್ತು ಆರನೆಯ ತರಗತಿಗಳಿಗೆ ಹೊಸ ಪುಸ್ತಕ ಬಂದಾಗ, ಬೈಂಡು ಹಾಕಿ ಜೋಪಾನ ಮಾಡಿದ ಹಳೆಯವು ಒಮ್ಮೆಲೇ ಮೂಲೆ ಸೇರಿದವು. ಚೀಲದಲ್ಲಿಟ್ಟ ಹಾಳೆಯಾದರೆ ಎಳೆದು ತೆಗೆದು ರದ್ದಿಗೆ ಹಾಕಿ, ಅದೇ ಚೀಲಕ್ಕೆ ಹೊಸ ಪಾಠ ಸೇರಿಸಬಹುದು. ಲ್ಯಾಮಿನೇಷನ್ ಮಾಡಿದ ಹಾಳೆಯಲ್ಲಿ ಕಾಗದ ಮತ್ತು ಪ್ಲಾಸ್ಟಿಕ್ ಬೇರ್ಪಡುವುದಿಲ್ಲವಾದ್ದರಿಂದ ಅದು ರದ್ದಿ ಕಾಗದದ ಲೆಕ್ಕಕ್ಕೂ ಬರುವುದಿಲ್ಲ, ಪ್ಲಾಸ್ಟಿಕ್ಕಿನ ಲೆಕ್ಕಕ್ಕೂ ಬರುವುದಿಲ್ಲ.