ಸವಾರಿ ಕುದುರೆ ಹಠಾತ್ತನೆ ತಿರುಗಿಬಿದ್ದರೆ: ಕಾರಣ ಹುಡುಕುವ ಬಗೆ

ವರ್ಷಗಟ್ಟಲೆ ಮಕ್ಕಳನ್ನೂ ಹೊತ್ತು ತಿರುಗಿದ ಸಾಧು ಕುದುರೆ ಒಂದು ದಿನ ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ತಿರುಗಿ ಕಚ್ಚಲು ಬರುತ್ತದೆ. ಮರುವಾರ ಸವಾರ ಏರಿದೊಡನೆ ಮುಂಗಾಲೆತ್ತಿ ನಿಲ್ಲುತ್ತದೆ. ಆಗ ಲಾಯದಲ್ಲಿ ಕೇಳಿಬರುವ ತೀರ್ಪು ಸಾಮಾನ್ಯವಾಗಿ ಒಂದೇ: ‘ಇದಕ್ಕೆ ಕೊಬ್ಬು ಹೆಚ್ಚಾಗಿದೆ, ನಾಲ್ಕು ಬಿಗಿದರೆ ಸರಿಹೋಗುತ್ತದೆ.’ ಪಶುವೈದ್ಯರು ಹೇಳುವುದು ಬೇರೆ. ಪಳಗಿದ ಕುದುರೆಯ ನಡತೆ ಥಟ್ಟನೆ ಬದಲಾದರೆ, ಬೇರೆ ಕಾರಣ ಖಚಿತವಾಗುವವರೆಗೂ ಅದನ್ನು ನೋವೆಂದೇ ಭಾವಿಸಿ ಪರೀಕ್ಷೆ ಆರಂಭಿಸಬೇಕು.

ಕುದುರೆ ಮೂಲತಃ ಬೇಟೆಗೆ ಗುರಿಯಾಗುವ ಪ್ರಾಣಿ. ನಾಯಿಯಂತೆ ಅದು ನರಳಿ ನೋವನ್ನು ಹೇಳಿಕೊಳ್ಳುವುದಿಲ್ಲ, ಆದಷ್ಟು ಬಚ್ಚಿಡುತ್ತದೆ. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಾರಣದಿಂದಲೇ ಮಹತ್ವದ್ದು. ಸವಾರಿಯ ವೇಳೆ ಗಮನಿಸಬೇಕಾದ 24 ವರ್ತನೆಗಳನ್ನು ಅವರು ಪಟ್ಟಿ ಮಾಡಿದರು. ಐದು ಸೆಕೆಂಡು ಅಥವಾ ಹೆಚ್ಚು ಕಾಲ ಕಿವಿಗಳನ್ನು ಹಿಂದಕ್ಕೆ ಮಲಗಿಸುವುದು, ಪದೇಪದೇ ಬಾಲ ಬೀಸುವುದು, ಬಾಯಿ ತೆರೆದೇ ಇರುವುದು, ತಲೆಯನ್ನು ಮೇಲೆ ಕೆಳಗೆ ಆಡಿಸುವುದು, ಮತ್ತೆ ಮತ್ತೆ ಎಡವುವುದು ಇವೇ ಮೊದಲಾದವು. ಎಂಟು ಅಥವಾ ಅದಕ್ಕಿಂತ ಹೆಚ್ಚು ವರ್ತನೆಗಳು ಕಂಡರೆ ಮೂಳೆ, ಕೀಲು, ಸ್ನಾಯುಗಳಲ್ಲಿ ನೋವಿರುವ ಸಂಭವ ಬಲವಾಗಿದೆ. ಕುಂಟುವ ಕಾಲಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟೊಡನೆ ಈ ವರ್ತನೆಗಳು ಇಳಿಮುಖವಾದುದನ್ನೂ ಈ ತಂಡ ದಾಖಲಿಸಿತು. ಮೊಂಡುತನವೇ ಕಾರಣವಾಗಿದ್ದರೆ ಚುಚ್ಚುಮದ್ದಿನಿಂದ ಅದು ಮಾಯವಾಗುತ್ತಿರಲಿಲ್ಲ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಮೊದಲು ಸವಾರಿ ನಿಲ್ಲಿಸಬೇಕು. ಇದು ಕುದುರೆಯ ಮೇಲಿನ ಕರುಣೆ ಮಾತ್ರವಲ್ಲ, ಸವಾರನ ಕುತ್ತಿಗೆಯ ಪ್ರಶ್ನೆಯೂ ಹೌದು. ಬಳಿಕ ಪುಸ್ತಕವೊಂದರಲ್ಲಿ ಬರೆದಿಡಬೇಕಾದ ಪ್ರಶ್ನೆಗಳಿವೆ. ತೊಂದರೆ ಯಾವ ದಿನ ಮೊದಲು ಕಂಡಿತು? ಅದಕ್ಕೆ ಮುಂಚಿನ ಹದಿನೈದು ದಿನಗಳಲ್ಲಿ ಲಾಳ, ಜೀನು, ಕಡಿವಾಣ, ಮೇವು, ಸವಾರ ಇವುಗಳಲ್ಲಿ ಯಾವುದು ಬದಲಾಯಿತು? ಜೀನಿಲ್ಲದೆ ಹಗ್ಗದ ಮೇಲೆ ವೃತ್ತಾಕಾರವಾಗಿ ಓಡಿಸಿದಾಗಲೂ ಹಾಗೆಯೇ ಮಾಡುತ್ತದೆಯೇ? ಎಡಕ್ಕೆ ತಿರುಗುವಾಗ ಮಾತ್ರವೇ, ಎರಡೂ ಕಡೆಯೇ? ಅನುಭವಿ ವೈದ್ಯರಿಗೆ ಈ ಉತ್ತರಗಳೇ ಅರ್ಧ ರೋಗನಿರ್ಣಯ. ಲಾಳ ಹೊಡೆಸಿದ ಎರಡು ಮೂರು ದಿನಕ್ಕೆ ಆರಂಭವಾದ ತೊಂದರೆಗೆ, ಗೊರಸಿನ ಜೀವಭಾಗಕ್ಕೆ ತೀರ ಸಮೀಪ ಹೋದ ಒಂದು ಮೊಳೆಯೇ ಕಾರಣವಾಗಿರಬಹುದು.

ಜೀನು ನಿರ್ಜೀವ ವಸ್ತು, ಕುದುರೆಯ ಬೆನ್ನು ಹಾಗಲ್ಲ. ಮೈ ಇಳಿದರೆ, ಸ್ನಾಯು ತುಂಬಿದರೆ ಅದರ ಆಕಾರ ಬದಲಾಗುತ್ತದೆ. ಕಳೆದ ವರ್ಷ ಹೊಂದಿದ್ದ ಜೀನು ಈ ವರ್ಷ ಒತ್ತಬಹುದು. ಬೆಂಗಳೂರಿನಂಥ ಕಡೆ ರೇಸ್‌ನಿಂದ ನಿವೃತ್ತವಾದ ಥರೋಬ್ರೆಡ್ ಕುದುರೆಗಳು ಸವಾರಿ ಶಾಲೆಗಳಿಗೆ ಬರುವುದುಂಟು. ಇಂಥ ಕುದುರೆಗಳ ಎತ್ತರದ, ಕಿರಿದಾದ ಭುಜದೆಲುಬಿನ ಮೇಲೆ ಯಾವುದೋ ಕುದುರೆಯ ಹಳೆಯ ಜೀನನ್ನು ಹೊರಿಸಿದರೆ ಫಲ ಊಹಿಸಬಹುದು. ಜೀನಿನ ಜಾಗದಲ್ಲಿ ಬಿಳಿ ಕೂದಲು ಹುಟ್ಟಿದ್ದರೆ ಅದು ಹಿಂದೆಂದೋ ಆದ ಒತ್ತಡದ ಗುರುತು.

ಬಾಯಿಯನ್ನು ಮರೆಯುವಂತಿಲ್ಲ. ಕುದುರೆಯ ದವಡೆ ಹಲ್ಲುಗಳು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಹೊರಬರುತ್ತಲೇ ಇರುತ್ತವೆ. ಅಸಮವಾಗಿ ಸವೆದರೆ ಅಂಚುಗಳು ಚೂರಿಯಂತಾಗಿ ಕೆನ್ನೆ, ನಾಲಿಗೆಗಳನ್ನು ಕೊಯ್ಯುತ್ತವೆ. ಲಗಾಮು ಎಳೆದಾಗಲೆಲ್ಲ ತಲೆ ಎಸೆಯುವ ಕುದುರೆಯ ಬಾಯನ್ನು ತೆರೆದು ನೋಡದೆ ಇನ್ನಷ್ಟು ಬಿರುಸಿನ ಕಡಿವಾಣ ಹಾಕುವುದು ಅವಿವೇಕ.

ಹೊಟ್ಟೆಯ ಹುಣ್ಣು ಇನ್ನೊಂದು ಗುಪ್ತ ಕಾರಣ. ಕುದುರೆಯ ಜಠರ ಮೇವಿರಲಿ ಇಲ್ಲದಿರಲಿ ದಿನವಿಡೀ ಆಮ್ಲ ಸ್ರವಿಸುತ್ತದೆ, ಅದನ್ನು ತಣಿಸುವ ಜೊಲ್ಲು ಬರುವುದು ಮಾತ್ರ ಅಗಿಯುವಾಗ. ಹುಲ್ಲು ಕಡಿಮೆ, ಕಾಳು ಹೆಚ್ಚು, ನಡುವೆ ದೀರ್ಘ ಉಪವಾಸ ಎಂಬ ದಿನಚರಿಯಲ್ಲಿ ಹುಣ್ಣಾಗುವುದು ಸಹಜ. ತರಬೇತಿಯಲ್ಲಿರುವ ರೇಸ್ ಕುದುರೆಗಳಲ್ಲಿ ಬಹುಪಾಲಿಗೆ ಈ ತೊಂದರೆ ಇರುತ್ತದೆ. ಜಠರಕ್ಕೆ ಎಂಡೋಸ್ಕೋಪ್ ಇಳಿಸಿ ನೋಡುವುದೊಂದೇ ಇದನ್ನು ಖಚಿತಪಡಿಸುವ ದಾರಿ.

ಬೆನ್ನುಮೂಳೆಯ ಮೇಲ್ಚಾಚುಗಳು ಒಂದಕ್ಕೊಂದು ತಾಗುವುದನ್ನು ಎಕ್ಸ್-ರೇ ತೋರಿಸುತ್ತದೆ. ಆದರೆ ಅಂಥ ಚಿತ್ರವಿದ್ದೂ ನೋವಿಲ್ಲದ ಕುದುರೆಗಳು ಹಲವು. ಎಕ್ಸ್-ರೇ ಒಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ದಸರೆಯ ಕುಶಾಲತೋಪಿನ ತಾಲೀಮಿಗೂ ಜಗ್ಗದ ಕುದುರೆ ಒಂದೇ ಪಕ್ಕದ ವಸ್ತುಗಳಿಗೆ ಬೆಚ್ಚತೊಡಗಿದರೆ ಆ ಪಕ್ಕದ ಕಣ್ಣನ್ನು ಪರೀಕ್ಷಿಸಬೇಕು. ಹೆಣ್ಣು ಕುದುರೆ ಗಂಡಿನಂತೆ ಆಕ್ರಮಣಕ್ಕಿಳಿದರೆ ಅಂಡಾಶಯದ ಗೆಡ್ಡೆಯ ಶಂಕೆ ಬರುತ್ತದೆ. ಬಿಟ್ಟುಬಿಟ್ಟು ಜ್ವರ, ತೂಕ ಇಳಿಕೆ, ಕಾಲು ಬಾವು ಜೊತೆಗಿದ್ದರೆ ನಮ್ಮ ದೇಶದಲ್ಲಿ ನೊಣಗಳಿಂದ ಹರಡುವ ಸರ್ರಾ ರೋಗಕ್ಕೆ ರಕ್ತಪರೀಕ್ಷೆ ಅಗತ್ಯ.

ನೋವುನಿವಾರಕ ಕೊಟ್ಟು ನೋಡುವ ಪದ್ಧತಿಯೂ ಇದೆ. ಫಿನೈಲ್‌ಬ್ಯೂಟಜೋನ್ ಕೆಲದಿನ ಕೊಟ್ಟಾಗ ಕುದುರೆ ಶಾಂತವಾದರೆ ಉತ್ತರ ಸಿಕ್ಕಂತೆ. ಶಾಂತವಾಗದಿದ್ದರೆ ನೋವಿಲ್ಲ ಎಂದರ್ಥವಲ್ಲ, ಎಲ್ಲ ನೋವೂ ಈ ಔಷಧಕ್ಕೆ ಬಗ್ಗುವುದಿಲ್ಲ. ವೈದ್ಯರ ಸಲಹೆಯಿಲ್ಲದೆ ಮುಂದುವರಿಸಿದರೆ ಔಷಧವೇ ಹೊಟ್ಟೆಯಲ್ಲಿ ಹುಣ್ಣು ಮಾಡೀತು.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಸವಾರನೇ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಒಂದೇ ಬದಿಗೆ ಭಾರ ಬಿಡುವವರು, ಲಗಾಮಿಗೆ ಜೋತುಬೀಳುವವರು ಬೇರೊಬ್ಬ ನುರಿತ ಸವಾರ ಏರಿದಾಗ ಅದೇ ಕುದುರೆ ಹೇಗೆ ನಡೆಯುತ್ತದೆಂದು ಕಣ್ಣಾರೆ ನೋಡುವುದು ಒಳ್ಳೆಯದು. ಆದರೆ ನುರಿತವರ ಕೈಯಲ್ಲಿ ಸರಿಯಾಗಿ ನಡೆದ ಮಾತ್ರಕ್ಕೆ ನೋವಿಲ್ಲವೆಂದು ಹೇಳಲಾಗದು, ಬಲವಾದ ಸವಾರರು ಕುಂಟನ್ನೂ ಮರೆಮಾಚಬಲ್ಲರು.

ಕಾರಣ ಪತ್ತೆಯಾಗಿ ವಾಸಿಯಾದ ಮೇಲೂ ಕುದುರೆ ಮೊದಲ ದಿನವೇ ಹಳೆಯದಾಗುವುದಿಲ್ಲ. ಹೊಟ್ಟೆಪಟ್ಟಿ ಎಂದರೆ ನೋವು ಎಂಬ ನೆನಪು ಅದರಲ್ಲಿ ಉಳಿದಿರುತ್ತದೆ. ಪಟ್ಟಿಯನ್ನು ಒಂದೊಂದೇ ತೂತಿನಷ್ಟು ಬಿಗಿಯುತ್ತ, ನಡುವೆ ಹತ್ತು ಹೆಜ್ಜೆ ನಡೆಸುತ್ತ, ಹಲವು ವಾರ ತೆಗೆದುಕೊಂಡು ಆ ನೆನಪನ್ನು ಅಳಿಸಬೇಕಾಗುತ್ತದೆ.