ಕೆನಡಾದ ಸಣ್ಣ ಹೂಡಿಕೆದಾರರು ಮತ್ತು ಷೇರು ಸಲಹೆ

ಸಂಬಳದಲ್ಲೋ ಸಣ್ಣ ವ್ಯಾಪಾರದಲ್ಲೋ ಮಿಕ್ಕ ಹಣವನ್ನು ಷೇರುಪೇಟೆಗೆ ಹಾಕುವ ಸಾಮಾನ್ಯ ಕೆನಡಿಯನ್ನರನ್ನು ಪೇಟೆಯ ಮಾತಿನಲ್ಲಿ ರಿಟೇಲ್ ಹೂಡಿಕೆದಾರರು ಎನ್ನುತ್ತಾರೆ. ಆ ಗಂಟನ್ನು ಹೇಗೆ ಕಾಯಬೇಕು, ಹೇಗೆ ಬೆಳೆಸಬೇಕು ಎಂದು ಇವರು ಬ್ಯಾಂಕಿನವರನ್ನೂ ಬ್ರೋಕರರನ್ನೂ ಪತ್ರಿಕೆಗಳನ್ನೂ ಕೇಳುತ್ತ ಬಂದಿದ್ದಾರೆ. ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ಷೇರು ಕೊಳ್ಳಲಿ? ಆದರೆ ಗಂಟು ಉಳಿಯುವುದೂ ಕರಗುವುದೂ ಬಹುಪಾಲು ಬೇರೆ ಮೂರು ಸಂಗತಿಗಳ ಮೇಲೆ ನಿಂತಿದೆ. ದುಡ್ಡು ಯಾವ ಖಾತೆಯಲ್ಲಿದೆ, ಒಂದೇ ಕಂಪನಿಯನ್ನು ಎಷ್ಟು ನೆಚ್ಚಿಕೊಂಡಿದೆ, ಸಲಹೆ ಕೊಡುವವರಿಗೆ ಕೂಲಿ ಎಲ್ಲಿಂದ ಬರುತ್ತದೆ ಎಂಬುವು ಅವು.

ಟೊರಾಂಟೊ ಷೇರು ವಿನಿಮಯ ಕೇಂದ್ರ ಶುರುವಾದದ್ದು 1861ರಲ್ಲಿ. ಮುಂಬಯಿಗೆ ದಲಾಲ್ ಸ್ಟ್ರೀಟ್ ಹೇಗೋ ಕೆನಡಾಕ್ಕೆ ಅಲ್ಲಿನ ಬೇ ಸ್ಟ್ರೀಟ್ ಹಾಗೆ. ಕೂಗಿ, ಕೈಸನ್ನೆ ಮಾಡಿ ಷೇರು ಮಾರುತ್ತಿದ್ದ ಅಂಗಳ 1997ರಲ್ಲಿ ಮುಚ್ಚಿತು. ಈಗೆಲ್ಲ ಕಂಪ್ಯೂಟರ್ ವ್ಯವಹಾರ. ಈ ಪೇಟೆಗೆ ಮೂರು ಕಾಲುಗಳು: ಬ್ಯಾಂಕು-ವಿಮೆ, ತೈಲ-ಅನಿಲ, ಗಣಿ. ಮುಖ್ಯ ಸೂಚ್ಯಂಕದ ಸುಮಾರು ಮೂರನೇ ಒಂದು ಪಾಲು ಹಣಕಾಸು ಕಂಪನಿಗಳದ್ದೇ. ಔಷಧ, ತಂತ್ರಜ್ಞಾನ, ದಿನಬಳಕೆಯ ವಸ್ತುಗಳ ಕಂಪನಿಗಳಿಗೆ ಅಲ್ಲಿ ಜಾಗ ಕಡಿಮೆ. ಜಗತ್ತಿನ ಷೇರುಗಳ ಒಟ್ಟು ಮೌಲ್ಯದಲ್ಲಿ ಕೆನಡಾದ ಪಾಲು ನೂರಕ್ಕೆ ಮೂರರ ಆಸುಪಾಸು ಮಾತ್ರ. ಆದರೂ ಕೆನಡಿಯನ್ನರ ಗಂಟಿನಲ್ಲಿ ತವರಿನ ಷೇರುಗಳೇ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅಲ್ಲಿ ತಿರುಗುಮುರುಗು.

ಈ ಮೋಹಕ್ಕೆ ಕಾರಣವೂ ಇದೆ. ಬ್ಯಾಂಕ್ ಆಫ್ ಮಾಂಟ್ರಿಯಲ್ 1829ರಿಂದ ಒಂದು ವರ್ಷವೂ ತಪ್ಪದೆ ಲಾಭಾಂಶ ಹಂಚಿದೆ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ತತ್ತರಿಸಿದಾಗ ಕೆನಡಾದ ಆರು ದೊಡ್ಡ ಬ್ಯಾಂಕುಗಳಲ್ಲಿ ಒಂದೂ ಲಾಭಾಂಶಕ್ಕೆ ಕತ್ತರಿ ಹಾಕಲಿಲ್ಲ. ಸ್ವದೇಶಿ ಕಂಪನಿಗಳ ಲಾಭಾಂಶಕ್ಕೆ ತೆರಿಗೆಯಲ್ಲಿ ರಿಯಾಯಿತಿಯೂ ಉಂಟು. ಹೀಗಾಗಿ ಬ್ಯಾಂಕ್, ಪೈಪ್‌ಲೈನ್, ಟೆಲಿಫೋನ್, ವಿದ್ಯುತ್ ಕಂಪನಿಗಳ ಷೇರುಗಳನ್ನು ಕೊಂಡು ಮರೆತುಬಿಡುವುದು ಅಜ್ಜ ಮೊಮ್ಮಗನಿಗೆ ಹೇಳುವ ಸಲಹೆಯಾಯಿತು.

ತವರನ್ನೇ ನೆಚ್ಚಿದ್ದರ ಬೆಲೆ ಎಷ್ಟೆಂಬುದನ್ನು ಕಲಿಸಿದ್ದು ನಾರ್ಟೆಲ್. ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ಈ ಕಂಪನಿ ಇಂಟರ್ನೆಟ್ ಅಲೆಯ ಮೇಲೇರಿ 2000ದ ಜುಲೈನಲ್ಲಿ ಷೇರಿಗೆ 124 ಡಾಲರ್ ಮುಟ್ಟಿತು. ಆಗ ಟೊರಾಂಟೊದ 300 ಕಂಪನಿಗಳ ಸೂಚ್ಯಂಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ತೂಕ ಇದೊಂದರದ್ದೇ ಆಗಿತ್ತು. ಮಿಕ್ಕ 299 ಕಂಪನಿಗಳು ಉಳಿದ ಜಾಗದಲ್ಲಿ ಒತ್ತಿಕೊಂಡು ಕೂತಿದ್ದವು. ನಾರ್ಟೆಲ್ ಹೆಸರು ಕೇಳದವರೂ, ಷೇರು ಎಂದರೆ ಜೂಜು ಎಂದು ದೂರ ಇದ್ದವರೂ ಮ್ಯೂಚುವಲ್ ಫಂಡ್ ಮತ್ತು ಪಿಂಚಣಿ ನಿಧಿಗಳ ಮೂಲಕ ಅದರ ಒಡೆಯರಾಗಿದ್ದರು. ಎರಡೇ ವರ್ಷಕ್ಕೆ, 2002ರ ಶರತ್ಕಾಲದಲ್ಲಿ, ಅದೇ ಷೇರು ಒಂದು ಡಾಲರಿಗಿಂತ ಕೆಳಗಿಳಿಯಿತು. 2009ರ ಜನವರಿಯಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಕಂಪನಿಯ ಷೇರನ್ನೇ ನಿವೃತ್ತಿಯ ಗಂಟಾಗಿ ಕೂಡಿಟ್ಟಿದ್ದ ನೌಕರರು ಕೆಲಸವನ್ನೂ ಕಳೆದುಕೊಂಡರು, ಗಂಟನ್ನೂ ಕಳೆದುಕೊಂಡರು.

ಟೊರಾಂಟೊದಲ್ಲಿ ಕಿರೀಟ ತೊಟ್ಟವರಿಗೆ ಶಾಪವಿದೆ ಎಂದು ತಮಾಷೆ ಮಾಡುವುದುಂಟು. ಬ್ಲ್ಯಾಕ್‌ಬೆರಿ ಫೋನಿನ ಕಂಪನಿ 2007ರಲ್ಲಿ ದೇಶದ ಅತಿ ಬೆಲೆಬಾಳುವ ಕಂಪನಿಯೆನಿಸಿತು. ಅದನ್ನು ಮೂಲೆಗೆ ತಳ್ಳಿದ ಐಫೋನ್ ಬಂದದ್ದೂ ಅದೇ ವರ್ಷ. ವ್ಯಾಲಿಯೆಂಟ್ ಎಂಬ ಔಷಧ ಕಂಪನಿ 2015ರ ಬೇಸಿಗೆಯಲ್ಲಿ ಮೌಲ್ಯದಲ್ಲಿ ದೇಶದ ಅತಿ ದೊಡ್ಡ ಬ್ಯಾಂಕಾದ ರಾಯಲ್ ಬ್ಯಾಂಕನ್ನೇ ಹಿಂದಿಕ್ಕಿತು, ಆಮೇಲೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕರಗಿತು. ಇವೆಲ್ಲ ನಿಜವಾದ ಸರಕು ಮಾರಿದ ಕಂಪನಿಗಳಾದರೂ ಹೌದು. ಕ್ಯಾಲ್ಗರಿಯ ಬ್ರೆ-ಎಕ್ಸ್‌ಗೆ ಆ ಮಾತೂ ಸಲ್ಲದು. ಬೋರ್ನಿಯೊ ಕಾಡಿನ ಬುಸಾಂಗ್‌ನಲ್ಲಿ ಚಿನ್ನದ ಬೆಟ್ಟವೇ ಸಿಕ್ಕಿದೆ ಎಂದು ಸಾರಿದ ಈ ಕಂಪನಿಯ ಮೌಲ್ಯ 600 ಕೋಟಿ ಡಾಲರ್ ದಾಟಿತ್ತು. ಕಲ್ಲಿನ ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಿದ್ದರೆಂದು 1997ರಲ್ಲಿ ಬಯಲಾಯಿತು.

ಇಂಥ ಹೊಳಪಿನ ಷೇರುಗಳ ಸಹವಾಸವೇ ಬೇಡ ಎಂದು ಲಾಭಾಂಶವನ್ನೇ ನೆಚ್ಚಿದವರೂ ನೆಮ್ಮದಿಯಿಂದ ಇರಲಿಲ್ಲ. ಇನ್‌ಕಮ್ ಟ್ರಸ್ಟ್ ಎಂಬ ಏರ್ಪಾಟಿನಲ್ಲಿ ಕಂಪನಿಗಳು ಆದಾಯ ತೆರಿಗೆ ತಪ್ಪಿಸಿಕೊಂಡು ಗಳಿಕೆಯನ್ನು ತಿಂಗಳು ತಿಂಗಳು ಹೂಡಿಕೆದಾರರಿಗೆ ಹಂಚುತ್ತಿದ್ದವು, ನಿವೃತ್ತರಿಗೆ ಅದು ಎರಡನೇ ಪಿಂಚಣಿಯಂತಿತ್ತು. ಇವುಗಳನ್ನು ಮುಟ್ಟುವುದಿಲ್ಲವೆಂದು ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ಸರ್ಕಾರದ ಹಣಕಾಸು ಸಚಿವ ಜಿಮ್ ಫ್ಲಾಹರ್ಟಿ 2006ರ ಅಕ್ಟೋಬರ್ 31ರ ಸಂಜೆ ಅವುಗಳ ಮೇಲೆ ತೆರಿಗೆ ಘೋಷಿಸಿದರು. ಮರುದಿನವೇ ಬೆಲೆ ಕುಸಿಯಿತು. ಇನ್ನು ತೀರ ಈಚಿನದು: ಎಂದೂ ಕೈಬಿಡದೆಂದು ಹೆಸರಾಗಿದ್ದ ಟೆಲಿಫೋನ್ ಕಂಪನಿ ಬಿಸಿಇ 2025ರ ಮೇ ತಿಂಗಳಲ್ಲಿ ಷೇರಿಗೆ ವರ್ಷಕ್ಕೆ 3.99 ಡಾಲರ್ ಇದ್ದ ಲಾಭಾಂಶವನ್ನು 1.75ಕ್ಕೆ ಇಳಿಸಿತು. 2022ರಲ್ಲಿ 70 ಡಾಲರ್ ದಾಟಿದ್ದ ಷೇರಿನ ಬೆಲೆ ಆ ಹೊತ್ತಿಗಾಗಲೇ ಅರ್ಧಕ್ಕಿಂತ ಕೆಳಗೆ ಬಂದಿತ್ತು.

ಷೇರಿಗಿಂತ ಖಾತೆ ಮುಖ್ಯ ಎಂಬ ಮಾತು ಭಾರತದಿಂದ ಹೋದವರಿಗೆ ಮೊದಮೊದಲು ವಿಚಿತ್ರವಾಗಿ ಕೇಳುತ್ತದೆ. ನಿವೃತ್ತಿಯ ಉಳಿತಾಯಕ್ಕಿರುವ ಆರ್‌ಆರ್‌ಎಸ್‌ಪಿ ಖಾತೆ 1957ರಷ್ಟು ಹಳೆಯದು. ಹಿಂದಿನ ವರ್ಷದ ದುಡಿಮೆಯ ಆದಾಯದಲ್ಲಿ ಶೇ. 18ರವರೆಗೆ, ಒಂದು ಗರಿಷ್ಠ ಮಿತಿಯೊಳಗೆ, ಇದಕ್ಕೆ ಹಾಕಬಹುದು. ಹಾಕಿದ ಹಣಕ್ಕೆ ಆಗ ತೆರಿಗೆ ಇಲ್ಲ, ತೆಗೆಯುವಾಗ ಇದೆ. 2009ರಲ್ಲಿ ಬಂದ ಟಿಎಫ್‌ಎಸ್‌ಎ ಇದಕ್ಕೆ ತದ್ವಿರುದ್ಧ: ತೆರಿಗೆ ಕಟ್ಟಿದ ಹಣವನ್ನು ಹಾಕಬೇಕು, ಬೆಳೆದದ್ದಕ್ಕೂ ತೆಗೆದದ್ದಕ್ಕೂ ತೆರಿಗೆ ಇಲ್ಲ. ಮೊದಲ ಮನೆ ಕೊಳ್ಳುವವರಿಗೆಂದು 2023ರಲ್ಲಿ ಬಂದ ಎಫ್‌ಎಚ್‌ಎಸ್‌ಎ ಎರಡರ ಅನುಕೂಲವನ್ನೂ ಕೊಡುತ್ತದೆ. ಅದಕ್ಕೆ ವರ್ಷಕ್ಕೆ 8,000, ಒಟ್ಟು 40,000 ಡಾಲರಿನ ಮಿತಿ.

ಒಂದೇ ಷೇರು ಒಂದೊಂದು ಖಾತೆಯಲ್ಲಿ ಒಂದೊಂದು ರೀತಿ ನಡೆದುಕೊಳ್ಳುತ್ತದೆ. ಅಮೆರಿಕದ ಷೇರಿನ ಲಾಭಾಂಶದಲ್ಲಿ ಅಲ್ಲಿನ ಸರ್ಕಾರ ಶೇ. 15 ಹಿಡಿದುಕೊಳ್ಳುತ್ತದೆ. ಷೇರು ಆರ್‌ಆರ್‌ಎಸ್‌ಪಿಯಲ್ಲಿದ್ದರೆ ಎರಡು ದೇಶಗಳ ಒಪ್ಪಂದದಂತೆ ವಿನಾಯಿತಿ ಸಿಗುತ್ತದೆ. ಟಿಎಫ್‌ಎಸ್‌ಎಯಲ್ಲಿದ್ದರೆ ಇಲ್ಲ, ಹೋದದ್ದು ಹೋದಂತೆಯೇ. ಸಾದಾ ಖಾತೆಯಲ್ಲಿ ಷೇರು ಮಾರಿದರೆ ಲಾಭದ ಅರ್ಧಕ್ಕೆ ತೆರಿಗೆ. ಭಾರತದಲ್ಲಿ ಡಿಮ್ಯಾಟ್ ಷೇರುಗಳಿಗೆ ಮೊದಲು ಕೊಂಡದ್ದೇ ಮೊದಲು ಮಾರಿದ್ದು ಎಂಬ ಲೆಕ್ಕವಾದರೆ ಕೆನಡಾದಲ್ಲಿ ಎಲ್ಲ ಖರೀದಿಗಳ ಸರಾಸರಿ ಬೆಲೆಯೇ ಲೆಕ್ಕ. ನಷ್ಟ ತೋರಿಸಲೆಂದು ಮಾರಿ, 30 ದಿನದೊಳಗೆ ಅದೇ ಷೇರನ್ನು ಮತ್ತೆ ಕೊಂಡು ಇಟ್ಟುಕೊಂಡರೆ ಆ ನಷ್ಟವನ್ನು ತೆರಿಗೆ ಇಲಾಖೆ ಒಪ್ಪುವುದಿಲ್ಲ. ಹೆಂಡತಿಯ ಹೆಸರಲ್ಲಿ ಕೊಂಡರೂ ಅಷ್ಟೇ.

ಟಿಎಫ್‌ಎಸ್‌ಎಯ ಹೆಸರಲ್ಲೇ ತೆರಿಗೆಮುಕ್ತ ಎಂದಿರುವುದನ್ನು ಅಕ್ಷರಶಃ ನಂಬಿದವರೊಬ್ಬರ ಕಥೆ ನ್ಯಾಯಾಲಯದ ದಾಖಲೆಯಲ್ಲಿದೆ. ವ್ಯಾಂಕೂವರಿನ ಹೂಡಿಕೆ ಸಲಹೆಗಾರರೊಬ್ಬರು ಮೂರು ವರ್ಷದಲ್ಲಿ ಹಾಕಿದ 15,000 ಡಾಲರನ್ನು ಪುಡಿ ಷೇರುಗಳ ಕೊಡುಕೊಳ್ಳುವಿಕೆಯಿಂದ 2011ರ ಕೊನೆಗೆ 6 ಲಕ್ಷ ದಾಟಿಸಿದರು. ಇದು ಉಳಿತಾಯವಲ್ಲ, ವ್ಯಾಪಾರ ಎಂದು ಇಲಾಖೆ ತೆರಿಗೆ ಹೇರಿತು. 2023ರಲ್ಲಿ ತೆರಿಗೆ ನ್ಯಾಯಾಲಯ ಇಲಾಖೆಯ ಪರ ತೀರ್ಪಿತ್ತಿತು.

ಟೊರಾಂಟೊ ಬಳಿಯ ಬ್ರಾಂಪ್ಟನ್, ಮಿಸಿಸಾಗಾ ಕಡೆ ನೆಲೆಸಿದ ಕನ್ನಡಿಗರು ಎಡವುವ ಜಾಗಗಳು ಬೇರೆ. ಟಿಎಫ್‌ಎಸ್‌ಎಗೆ 2009ರಿಂದ 2025ರವರೆಗೆ ಸೇರಿದ ಒಟ್ಟು ಮಿತಿ 1,02,000 ಡಾಲರ್ ಎಂದು ಎಲ್ಲೋ ಓದಿ, ಊರಿನ ಸೈಟು ಮಾರಿದ ಹಣವನ್ನೆಲ್ಲ ತಂದು ಹಾಕಿದರೆ ಕೆಟ್ಟರು. ಮಿತಿ ಶುರುವಾಗುವುದು ಅವರು ಕೆನಡಾದ ನಿವಾಸಿಗಳಾದ ವರ್ಷದಿಂದ. ಹೆಚ್ಚಾಗಿ ಹಾಕಿದ್ದಕ್ಕೆ ತಿಂಗಳಿಗೆ ಶೇ. 1ರಂತೆ ದಂಡ. ಎನ್‌ಆರ್‌ಇ ಎಂಬ ಅನಿವಾಸಿ ಭಾರತೀಯರ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲದಿದ್ದರೂ ಕೆನಡಾದಲ್ಲಿ ಇದೆ. ಅಲ್ಲಿನ ನಿವಾಸಿ ಜಗತ್ತಿನ ಎಲ್ಲಿಯ ಆದಾಯವನ್ನೂ ತೋರಿಸಬೇಕು. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟ್, ಭಾರತದ ಷೇರು, ಠೇವಣಿ ಎಲ್ಲ ಕೂಡಿ ಕೊಂಡ ಬೆಲೆಯಲ್ಲಿ 1,00,000 ಕೆನಡಾ ಡಾಲರ್ ದಾಟಿದರೆ ಮೊದಲ ವರ್ಷ ಬಿಟ್ಟು ಮುಂದೆಲ್ಲ ಟಿ1135 ಎಂಬ ನಮೂನೆ ತುಂಬಿಕೊಡಬೇಕು. ಎಡವುವ ಜಾಗಗಳಲ್ಲದೆ ಕನ್ನಡಿಗರಿಗೆ ಈ ಪೇಟೆಯೊಡನೆ ಒಂದು ನಂಟೂ ಇದೆ: ಹೈದರಾಬಾದಿನಲ್ಲಿ ಹುಟ್ಟಿ ಟೊರಾಂಟೊದಲ್ಲಿ ಫೇರ್‌ಫ್ಯಾಕ್ಸ್ ಎಂಬ ಹಣಕಾಸು ಕಂಪನಿ ಕಟ್ಟಿದ ಪ್ರೇಮ್ ವತ್ಸ ಅವರ ಫೇರ್‌ಫ್ಯಾಕ್ಸ್ ಇಂಡಿಯಾ ಟೊರಾಂಟೊ ಪೇಟೆಯಲ್ಲಿದೆ, ಬೆಂಗಳೂರು ವಿಮಾನ ನಿಲ್ದಾಣದ ಕಂಪನಿಯಲ್ಲಿ ಬಹುಪಾಲು ಒಡೆತನ ಅದರದ್ದು. ದೇವನಹಳ್ಳಿಯಲ್ಲಿ ವಿಮಾನ ಹತ್ತಿ ಹೋದವರು ಅಲ್ಲಿ ಕೂತು ಅದೇ ನಿಲ್ದಾಣದಲ್ಲಿ ಪಾಲು ಕೊಳ್ಳಬಹುದು.

ಸಲಹೆಗಾರರು ಯಾರು ಎಂಬ ಪ್ರಶ್ನೆಗೆ ಉತ್ತರ ಸಲೀಸಾಗಿಲ್ಲ. ಭಾರತದ ಸೆಬಿಯಂಥ ಒಂದೇ ರಾಷ್ಟ್ರೀಯ ನಿಯಂತ್ರಕ ಕೆನಡಾದಲ್ಲಿಲ್ಲ. ಹತ್ತು ಪ್ರಾಂತಗಳಿಗೂ ಮೂರು ಪ್ರದೇಶಗಳಿಗೂ ತಮ್ಮ ತಮ್ಮದೇ ನಿಯಂತ್ರಕರು. ಒಂದೇ ಮಾಡಹೊರಟ ಒಕ್ಕೂಟ ಸರ್ಕಾರದ ಮಸೂದೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಲಿಲ್ಲ. ಬ್ರೋಕರರ ಮೇಲೂ ಮ್ಯೂಚುವಲ್ ಫಂಡ್ ಮಾರುವವರ ಮೇಲೂ ಕಣ್ಣಿಡುತ್ತಿದ್ದ ಎರಡು ಸಂಸ್ಥೆಗಳು 2023ರ ಜನವರಿ 1ರಂದು ಕೂಡಿ ಸೈರೊ ಆದದ್ದೇ ದೊಡ್ಡ ಸುಧಾರಣೆ. ಒಂಟಾರಿಯೊದಲ್ಲಿ 2022ರ ಮಾರ್ಚ್‌ವರೆಗೆ ಯಾರು ಬೇಕಾದರೂ ತಮ್ಮನ್ನು ಹಣಕಾಸು ಸಲಹೆಗಾರರೆಂದು ಕರೆದುಕೊಳ್ಳಬಹುದಿತ್ತು. ಗ್ರಾಹಕರ ಪರವಾಗಿ ತಾವೇ ನಿರ್ಧರಿಸಿ ಷೇರು ಕೊಳ್ಳುವ, ಮಾರುವ ಪೋರ್ಟ್‌ಫೋಲಿಯೊ ಮ್ಯಾನೇಜರ್‌ಗೆ ಗ್ರಾಹಕರ ಹಿತವನ್ನೇ ಮುಂದಿಡುವ ವಿಶ್ವಸ್ಥನ ಹೊಣೆಯಿದೆ. ಆದರೆ ಅವರು ಸಾಮಾನ್ಯವಾಗಿ ದೊಡ್ಡ ಗಂಟಿಲ್ಲದವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಣ್ಣವರಿಗೆ ಸಿಗುವುದು ಬ್ಯಾಂಕ್ ಶಾಖೆಯ ಮೇಜು. ಗ್ರಾಹಕರ ಹಿತ ಮೊದಲು ಎಂಬ ನಿಯಮಗಳು 2021ರ ಕೊನೆಗೆ ಜಾರಿಯಾಗುವ ಹೊತ್ತಿಗೆ ಕೆಲವು ದೊಡ್ಡ ಬ್ಯಾಂಕುಗಳು ಶಾಖೆಗಳಲ್ಲಿ ಪರರ ಫಂಡ್‌ಗಳನ್ನು ಮಾರುವುದನ್ನೇ ನಿಲ್ಲಿಸಿದವು. ಎಲ್ಲವನ್ನೂ ತೂಗಿ ನೋಡುವ ಗೋಜೇ ಬೇಡವೆಂದು ಅಂಗಡಿಯಲ್ಲಿ ತಮ್ಮದನ್ನು ಮಾತ್ರ ಇಟ್ಟುಕೊಂಡವು.

ಶುಲ್ಕದ ಮಾತು ಬಂದರೆ ಲೆಕ್ಕವೇ ಮಾತಾಡಲಿ. ಒಂದು ಲಕ್ಷ ಡಾಲರ್ ವರ್ಷಕ್ಕೆ ಶೇ. 6ರಂತೆ 25 ವರ್ಷ ಬೆಳೆದರೆ ಸುಮಾರು 4,29,000 ಆಗುತ್ತದೆ. ಆ ಶೇ. 6ರಲ್ಲಿ 2ನ್ನು ಫಂಡ್ ಕಂಪನಿ ವರ್ಷವರ್ಷ ತೆಗೆದುಕೊಂಡರೆ ಕೈಗೆ ಬರುವುದು ಸುಮಾರು 2,67,000. ಕೆನಡಾದಲ್ಲಿ ಷೇರು ಫಂಡ್‌ಗಳಿಗೆ ಶೇ. 2ರ ಆಸುಪಾಸಿನ ಶುಲ್ಕ ಬಹುಕಾಲ ಮಾಮೂಲಾಗಿತ್ತು. ಅದರಲ್ಲಿ ಸುಮಾರು ಅರ್ಧ ಫಂಡ್ ಮಾರಿದವರಿಗೆ ‘ಸಲಹೆ’ಯ ಕಮಿಷನ್ ಆಗಿ ಪ್ರತಿವರ್ಷ ಹೋಗುತ್ತಿತ್ತು. ಸಲಹೆ ಕೊಡುವುದಕ್ಕೇ ಅನುಮತಿ ಇಲ್ಲದ ಡಿಸ್ಕೌಂಟ್ ಬ್ರೋಕರರೂ ಇದನ್ನು ಪಡೆಯುತ್ತಿದ್ದರು ಎಂಬುದು ಈ ಕಥೆಯ ಪರಮ ವಿನೋದ. 2022ರ ಜೂನ್ 1ರಿಂದ ಡಿಸ್ಕೌಂಟ್ ಬ್ರೋಕರರ ಈ ಗಳಿಕೆಗೆ ತಡೆ ಬಿತ್ತು.

ಹೀಗಾಗಿ ಅನೇಕರು ತಮ್ಮ ಗಂಟನ್ನು ತಾವೇ ನೋಡಿಕೊಳ್ಳುವ ದಾರಿ ಹಿಡಿದರು. 1989ರಲ್ಲಿ ಬಂದ ಡೇವಿಡ್ ಚಿಲ್ಟನ್ ಅವರ ‘ದಿ ವೆಲ್ದಿ ಬಾರ್ಬರ್’ ಪುಸ್ತಕದಲ್ಲಿ ಒಂಟಾರಿಯೊದ ಸಾರ್ನಿಯಾ ಊರಿನ ಕ್ಷೌರಿಕನೊಬ್ಬ ಗಿರಾಕಿಗಳಿಗೆ ಸಂಬಳದ ಹತ್ತನೇ ಒಂದು ಪಾಲನ್ನು ಮೊದಲು ಎತ್ತಿಡಿ ಎಂದು ಹೇಳಿಕೊಡುತ್ತಾನೆ. ಅದು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಎತ್ತಿಟ್ಟದ್ದನ್ನು ಅಗ್ಗವಾಗಿ ಹೂಡುವ ಸಾಧನವೂ ಟೊರಾಂಟೊದಲ್ಲೇ ಹುಟ್ಟಿತು. ಜಗತ್ತಿನ ಮೊದಲ ಇಟಿಎಫ್ (ಷೇರಿನಂತೆಯೇ ಪೇಟೆಯಲ್ಲಿ ಕೊಂಡು ಮಾರುವ ಫಂಡ್) ಎನ್ನಲಾಗುವ ಟಿಪ್ಸ್, 35 ದೊಡ್ಡ ಕಂಪನಿಗಳ ಬುಟ್ಟಿಯಾಗಿ, 1990ರ ಮಾರ್ಚ್‌ನಲ್ಲಿ ಅಲ್ಲಿ ವಹಿವಾಟಿಗೆ ಬಂತು. ಅಮೆರಿಕದ್ದು ಬಂದದ್ದು 1993ರಲ್ಲಿ. 2018ರಿಂದೀಚೆಗೆ ಕೆನಡಾ, ಅಮೆರಿಕ, ಯೂರೋಪ್, ಏಷ್ಯಾದ ಸಾವಿರಾರು ಷೇರುಗಳನ್ನು ಒಂದೇ ಇಟಿಎಫ್‌ನಲ್ಲಿ ಕಟ್ಟಿ, ಶೇ. ಕಾಲರಷ್ಟು ಶುಲ್ಕಕ್ಕೆ ಮಾರುವುದು ಜನಪ್ರಿಯವಾಗಿದೆ. ಮೇಲಿನ ಲೆಕ್ಕಕ್ಕೆ ಈ ಶುಲ್ಕ ಹಾಕಿದರೆ ಉಳಿಯುವುದು ಸುಮಾರು 4,05,000. ಟೊರಾಂಟೊದಲ್ಲಿ 2014ರಲ್ಲಿ ಹುಟ್ಟಿದ ವೆಲ್ತ್‌ಸಿಂಪಲ್ ಷೇರು ಕೊಳ್ಳಲು ದಲಾಲಿಯನ್ನೇ ತೆಗೆದುಹಾಕಿತು. ಡಾಲರ್ ಬದಲಾವಣೆಗೆ ಬ್ರೋಕರರು ಹಿಡಿಯುವ ಶೇ. 1.5ರಷ್ಟು ಹಣ ಉಳಿಸಲು ಜನ ಕಂಡುಕೊಂಡ ಉಪಾಯಕ್ಕೆ ನಾರ್ಬರ್ಟ್ಸ್ ಗ್ಯಾಂಬಿಟ್ ಎಂದು ಹೆಸರು. ಬ್ರಿಟಿಷ್ ಕೊಲಂಬಿಯದ ನಾರ್ಬರ್ಟ್ ಶ್ಲೆಂಕರ್ ಅವರ ಹೆಸರಿನಿಂದ ಬಂದದ್ದು ಇದು: ಎರಡೂ ಕರೆನ್ಸಿಯಲ್ಲಿ ಮಾರಾಟವಾಗುವ ಒಂದೇ ಷೇರನ್ನು ಕೆನಡಾ ಡಾಲರಿನಲ್ಲಿ ಕೊಂಡು ಅಮೆರಿಕನ್ ಡಾಲರಿನಲ್ಲಿ ಮಾರುವುದು.

ಬ್ರೋಕರ್ ಕಂಪನಿಯೇ ಮುಳುಗಿದರೆ ಗ್ರಾಹಕರ ಕಾಣೆಯಾದ ಆಸ್ತಿಗೆ ಸಿಐಪಿಎಫ್ ಎಂಬ ರಕ್ಷಣಾ ನಿಧಿ 10 ಲಕ್ಷ ಡಾಲರಿನವರೆಗೆ ನಿಲ್ಲುತ್ತದೆ, ಷೇರಿನ ಬೆಲೆ ಬಿದ್ದದ್ದಕ್ಕೆ ಅಲ್ಲ. ತಪ್ಪು ಸಲಹೆಯಿಂದ ನಷ್ಟವಾಯಿತು ಎನ್ನುವವರು ಒಬಿಎಸ್‌ಐ ಎಂಬ ದೂರು ಸಂಸ್ಥೆಗೆ ಬಿಡಿಗಾಸೂ ಕೊಡದೆ ಮೊರೆಯಿಡಬಹುದು. ಅದು 3,50,000 ಡಾಲರಿನವರೆಗೆ ಪರಿಹಾರಕ್ಕೆ ಶಿಫಾರಸು ಮಾಡಬಲ್ಲದು, ಕೊಡಿಸಲಾರದು. 2026ರ ಜನವರಿಯಿಂದ ಹೊಸ ನಿಯಮವೊಂದು ಜಾರಿಯಲ್ಲಿದೆ: ಫಂಡ್‌ಗಳ ಒಳಗೇ ಕಡಿತವಾಗುವ ಶುಲ್ಕವನ್ನೂ ಶೇಕಡಾವಾರಿನ ಮರೆಯಲ್ಲಿಡದೆ ಡಾಲರ್ ಲೆಕ್ಕದಲ್ಲಿ ಪ್ರತಿ ಗ್ರಾಹಕರಿಗೆ ಬರೆದು ತಿಳಿಸಬೇಕು. ಅಂಥ ಮೊದಲ ವಾರ್ಷಿಕ ಲೆಕ್ಕಪತ್ರಗಳು ಮನೆಗೆ ಬರುವುದು 2027ರ ಆರಂಭದಲ್ಲಿ.