ನವಿಲುಗರಿ ಮತ್ತು ಸುಂಕದ ಕಟ್ಟೆ

ಮಳೆಗಾಲ ಮುಗಿಯುತ್ತ ಬಂದಾಗ ನಾಯಕನಹಟ್ಟಿಯ ಸುತ್ತಲಿನ ಶೇಂಗಾ ಹೊಲಗಳಲ್ಲಿ ನಡೆದಾಡಿ. ಬದುವಿನ ಮೇಲೆ ನವಿಲುಗರಿ ಸಿಕ್ಕರೆ ಆಶ್ಚರ್ಯವಿಲ್ಲ. ಗಂಡು ನವಿಲು ಪ್ರತಿವರ್ಷ ಆ ಕಾಲಕ್ಕೆ ತನ್ನ ಉದ್ದ ಗರಿಗಳನ್ನು ಉದುರಿಸುತ್ತದೆ. ಅಮೆರಿಕದಿಂದ ರಜೆಗೆ ಬಂದ ನಿಮ್ಮ ಮೊಮ್ಮಗಳು ಅಂಥದೊಂದು ಗರಿಯನ್ನು ನೆನಪಿಗೆಂದು ಪೆಟ್ಟಿಗೆಯಲ್ಲಿಟ್ಟುಕೊಂಡಳು ಎನ್ನಿ. ಅದಕ್ಕಾಗಿ ನವಿಲನ್ನು ಕೊಂದದ್ದಿಲ್ಲ, ಯಾರಿಗೂ ಕಾಸು ಕೊಟ್ಟದ್ದಿಲ್ಲ. ಆದರೂ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅದು ನಿಷೇಧಿತ ವಸ್ತು. ಮನೆಯಲ್ಲಿದ್ದಾಗ ತಪ್ಪಲ್ಲದ ಗರಿ ಗಡಿ ದಾಟುವಾಗ ತಪ್ಪಾಗುವುದೇಕೆ?

ಈ ನಿಯಮದ ಬೇರು ಇರುವುದು ಹೆಂಗಸರ ಟೋಪಿಯಲ್ಲಿ. 19ನೆಯ ಶತಮಾನದ ಕೊನೆಯಲ್ಲಿ ಲಂಡನ್, ಪ್ಯಾರಿಸ್‌ಗಳಲ್ಲಿ ಟೋಪಿಗೆ ಹಕ್ಕಿಯ ಗರಿ ಸಿಕ್ಕಿಸುವುದು ದೊಡ್ಡ ಫ್ಯಾಷನ್ ಆಗಿತ್ತು. ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ನಮ್ಮ ಕೆರೆಗಳಲ್ಲಿ ದಿನವೂ ಕಾಣುವ ಬೆಳ್ಳಕ್ಕಿಗೆ. ಮರಿ ಮಾಡುವ ಕಾಲದಲ್ಲಿ ಮಾತ್ರ ಅದರ ಬೆನ್ನ ಮೇಲೆ ನಯವಾದ ಎಳೆಎಳೆ ಗರಿಗಳು ಮೂಡುತ್ತವೆ. ಆ ಗರಿ ಬೇಕೆಂದರೆ ಗೂಡಿನಲ್ಲಿರುವಾಗಲೇ ಹಕ್ಕಿಯನ್ನು ಕೊಲ್ಲಬೇಕು. ತಾಯಿ ಸತ್ತರೆ ಮರಿಗಳೂ ಹಸಿವಿನಿಂದ ಸಾಯುತ್ತವೆ. ಒಂದು ಟೋಪಿಯ ಲೆಕ್ಕದಲ್ಲಿ ಈ ಮರಿಗಳು ಸೇರುತ್ತಿರಲಿಲ್ಲ.

ಇದನ್ನು ತಡೆಯಲು 1887ರಲ್ಲೇ ಕಾಡುಹಕ್ಕಿಗಳ ರಕ್ಷಣೆಗೆ ಒಂದು ಕಾಯಿದೆ ಬಂದಿತ್ತು. ಆದರೆ ಅದರ ಕೈ ಪುರಸಭೆ, ದಂಡು ಪ್ರದೇಶಗಳಾಚೆ ಚಾಚಲಿಲ್ಲ. ಪ್ರತಿ ಕೆರೆಗೂ ಕಾವಲಿಡುವುದು ಯಾರಿಂದ ಸಾಧ್ಯ? 1902ರಲ್ಲಿ ಸರ್ಕಾರ ಬೇರೊಂದು ದಾರಿ ಹಿಡಿಯಿತು. 1878ರ ಸಮುದ್ರ ಸುಂಕ ಕಾಯಿದೆಯ ಅಧಿಕಾರ ಬಳಸಿ, ಹಕ್ಕಿಗಳ ಚರ್ಮ ಮತ್ತು ಗರಿ ಬ್ರಿಟಿಷ್ ಇಂಡಿಯಾದಿಂದ ಹೊರಹೋಗದಂತೆ ಆಜ್ಞೆ ಹೊರಡಿಸಿತು. ಉಷ್ಟ್ರಪಕ್ಷಿಯ ಗರಿಗೂ ವೈಜ್ಞಾನಿಕ ಮಾದರಿಗಳಿಗೂ ವಿನಾಯಿತಿ ಇತ್ತು. ನಾಯಕನಹಟ್ಟಿ ಆಗ ಮೈಸೂರು ಸಂಸ್ಥಾನದಲ್ಲಿತ್ತು, ನಿಜ. ಆದರೆ ಸಂಸ್ಥಾನಕ್ಕೆ ಸ್ವಂತ ಬಂದರು ಎಲ್ಲಿತ್ತು? ಇಲ್ಲಿನ ಗರಿಯೂ ಹಡಗು ಹತ್ತಬೇಕಾದರೆ ಬ್ರಿಟಿಷರ ಸುಂಕದ ಕಟ್ಟೆಯನ್ನೇ ದಾಟಬೇಕಿತ್ತು. ಬೇಟೆಗಾರರು ಸಾವಿರ ಕಡೆ ಇದ್ದರೂ ಬಾಗಿಲುಗಳು ಕೆಲವೇ ಎಂಬ ಜಾಣತನ ಈ ಆಜ್ಞೆಯಲ್ಲಿದೆ.

ಅದರಿಂದಲೇ ವ್ಯಾಪಾರ ನಿಂತಿತೆಂದು ತಿಳಿಯಬೇಡಿ. ಗರಿ ಹಗುರ, ಬೆಲೆ ಭಾರಿ. ಬೇರೆ ಸರಕಿನೊಳಗೆ ಅಡಗಿ ಕಳ್ಳಸಾಗಣೆ ನಡೆದೇ ಇತ್ತು. ಕೊಳ್ಳುವ ದೇಶವೂ ಬಾಗಿಲು ಹಾಕಬೇಕಿತ್ತು. ಬ್ರಿಟನ್ ಗರಿಗಳ ಆಮದನ್ನು ನಿಷೇಧಿಸುವ ಕಾಯಿದೆ ಮಾಡಿದ್ದು 1921ರಲ್ಲಿ. ಅಷ್ಟರಲ್ಲಿ ಫ್ಯಾಷನ್ನೂ ಬದಲಾಗತೊಡಗಿತ್ತು.

ಎರಡೂ ಕಡೆಯ ಬಾಗಿಲು ಕಾಯಬೇಕೆಂಬ ಈ ಪಾಠವೇ 1973ರ ಸೈಟ್ಸ್ ಒಪ್ಪಂದದ ಜೀವಾಳ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಈ ಒಪ್ಪಂದಕ್ಕೆ ಭಾರತ ಸೇರಿದ್ದು 1976ರಲ್ಲಿ. 2022ರ ತಿದ್ದುಪಡಿ ಅದನ್ನು ನಮ್ಮ ವನ್ಯಜೀವಿ ಕಾಯಿದೆಯೊಳಗೇ ತಂದಿತು. ಹೊರದೇಶದಿಂದ ನಿಮ್ಮ ಮಗ ದಂತದ ಗೊಂಬೆಯನ್ನೋ ಹೆಬ್ಬಾವಿನ ಚರ್ಮದ ಚೀಲವನ್ನೋ ತರುವುದಾದರೆ, ಅಂಗಡಿಯವನ ರಸೀದಿ ಇಲ್ಲಿ ಅವನನ್ನು ಕಾಯದು. 1962ರ ಕಸ್ಟಮ್ಸ್ ಕಾಯಿದೆಯಡಿ ಅಧಿಕಾರಿಗಳು ವಸ್ತುವನ್ನು ಜಪ್ತಿ ಮಾಡಬಹುದು, ಮೊಕದ್ದಮೆಯನ್ನೂ ಹೂಡಬಹುದು.

ಮೊಮ್ಮಗಳ ಗರಿಗೆ ಬರೋಣ. 1972ರ ವನ್ಯಜೀವಿ ಕಾಯಿದೆ ನವಿಲನ್ನು ಮೊದಲ ಅನುಸೂಚಿಯಲ್ಲಿಟ್ಟು ಕಾಪಾಡಿದರೂ ಅದರ ಬಾಲದ ಗರಿಗೆ ದೇಶದೊಳಗೆ ವಿನಾಯಿತಿ ಕೊಟ್ಟಿದೆ. (ಪ್ರಾಣಿಶಾಸ್ತ್ರದ ಪ್ರಕಾರ ಅದು ಬಾಲದ ಗರಿಯೇ ಅಲ್ಲ, ಬಾಲದ ಬುಡವನ್ನು ಮುಚ್ಚುವ ಗರಿ, ಕಾಯಿದೆ ಬರೆದವರು ರೂಢಿಯ ಮಾತನ್ನೇ ಹಿಡಿದಿದ್ದಾರೆ.) ರಫ್ತಿಗೆ ಮಾತ್ರ ನಿಷೇಧ. ಕಾರಣ ಸರಳ. ಕಿತ್ತ ಗರಿಯ ಬುಡದಲ್ಲಿ ರಕ್ತದ ಕುರುಹು ಉಳಿದಿರಬಹುದು, ತಾನಾಗಿ ಉದುರಿದ್ದರಲ್ಲಿ ಇರದು. ಆದರೆ ಬುಡವನ್ನು ಕತ್ತರಿಸಿಬಿಟ್ಟರೆ ಸಾಕ್ಷಿಯೂ ಹೋಯಿತು. ಮೂಟೆಗಟ್ಟಲೆ ಗರಿ ಎದುರಿಗಿದ್ದಾಗ ಉದುರಿದ್ದು ಯಾವುದು, ವಿಷವಿಟ್ಟು ಕೊಂದದ್ದು ಯಾವುದು ಎಂದು ಸುಂಕದ ಅಧಿಕಾರಿ ಹೇಳಲಾರ. ಒಂದು ಗರಿಗೆ ಬೇರೆ, ಮೂಟೆಗೆ ಬೇರೆ ಎಂಬ ಭೇದವನ್ನು ಈ ನಿಷೇಧ ಮಾಡಿಲ್ಲ. ಮಗುವಿನ ಮಟ್ಟಿಗೆ ಇದು ಕಠೋರವೇ, ಒಪ್ಪುತ್ತೇನೆ.

ಹೊರಡುವ ಹಿಂದಿನ ದಿನ ಪೆಟ್ಟಿಗೆಯನ್ನು ಒಮ್ಮೆ ನೋಡಿಬಿಡಿ. ಗರಿ ಸಿಕ್ಕರೆ ಅಜ್ಜಿಯ ಮನೆಯ ಪುಸ್ತಕವೊಂದರ ಹಾಳೆಗಳ ನಡುವೆ ಇಡಿಸಿ. ಮುಂದಿನ ರಜೆಗೆ ಬಂದಾಗ ಅದು ಮರಿ ಹಾಕಿದೆಯೋ ಇಲ್ಲವೋ ಅವಳೇ ನೋಡಲಿ.